ಪಂಪು ರೂಮಿನ ಬೋರ್ಡು

ನಮ್ಮ ಭಾವನವರಿಗೆ ಹೆಸರು ಬರೆಯದ ವಸ್ತು ಕಂಡರೆ ಆಗುವುದಿಲ್ಲ. ಉಪ್ಪಿನ ಡಬ್ಬಿಯ ಮೇಲೆ ‘ಉಪ್ಪು’ ಅಂತಿರಬೇಕು, ಸಕ್ಕರೆ ಡಬ್ಬಿಯ ಮೇಲೆ ‘ಸಕ್ಕರೆ’ ಅಂತಿರಬೇಕು. ಒಂದು ಸಲ ನಮ್ಮಕ್ಕ ಗಡಿಬಿಡಿಯಲ್ಲಿ ಎರಡನ್ನೂ ಅದಲುಬದಲು ತುಂಬಿಬಿಟ್ಟಿದ್ದಳು. ಭಾವ ಉಪ್ಪು ಹಾಕಿದ ಕಾಫಿಯನ್ನು ಮುಖ ಹಿಂಡಿಕೊಂಡು ಪೂರ್ತಿ ಕುಡಿದರು.

“ರೀ, ಬಾಯಿಗಿಟ್ಟ ಕೂಡಲೇ ಗೊತ್ತಾಗ್ಲಿಲ್ವಾ?” ಅಂತ ಅಕ್ಕ ಕೇಳಿದಳು.

“ಡಬ್ಬಿ ಮೇಲೆ ಸಕ್ಕರೆ ಅಂತ ಬರೆದಿತ್ತು. ನಾಲಿಗೆಯನ್ನ ಎಷ್ಟರ ಮಟ್ಟಿಗೆ ನಂಬೋಕಾಗುತ್ತೆ?” ಅಂದರು ಭಾವ.

ತಪ್ಪು ಅವರದಲ್ಲ. ಅವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಅಂಗಡಿಯವರ ತೂಕದ ಬಟ್ಟುಗಳಿಗೆ ಮುದ್ರೆ ಒತ್ತಿ ಒತ್ತಿ ನಿವೃತ್ತರಾದವರು. ಮುದ್ರೆ ಬಿದ್ದರೆ ಅದು ಕಿಲೋ, ಬೀಳದಿದ್ದರೆ ಬರೀ ಕಬ್ಬಿಣ. ಜೀವಮಾನವೆಲ್ಲ ಹೀಗೆ ಕಳೆದವರನ್ನು ತಂದು ನಮ್ಮ ವಸತಿ ಕಟ್ಟಡದ ಸಂಘಕ್ಕೆ ಕಾರ್ಯದರ್ಶಿ ಮಾಡಿದ್ದು ನಾವು. ಅನುಭವಿಸಬೇಕಾದವರೂ ನಾವೇ ತಾನೆ.

ಆಗ ನಮ್ಮ ಕಟ್ಟಡದಲ್ಲಿ ವಯಸ್ಸಾದವರು ಸಂಜೆಯಾದರೆ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಅದೇ ಅವರ ಪಾರ್ಕು, ಅದೇ ಅವರ ಕ್ಲಬ್ಬು. ಒಬ್ಬೊಬ್ಬರಿಗೂ ಒಂದೊಂದು ಮೆಟ್ಟಿಲು. ಮೇಲಿನದು ನಿವೃತ್ತ ಬ್ಯಾಂಕ್ ಮ್ಯಾನೇಜರರದು, ಏಕೆಂದರೆ ಅವರಿಗೆ ಯಾರ ಕೆಳಗೂ ಕೂತು ಅಭ್ಯಾಸವಿಲ್ಲ. ನಡುವಿನದು ಸೈನ್ಯದಿಂದ ನಿವೃತ್ತರಾದ ಹವಾಲ್ದಾರರದು. ಅವರು ಬೆನ್ನನ್ನು ಗೋಡೆಗೆ ತಾಗಿಸದೆ ಕೂರುತ್ತಿದ್ದರು. ಅದರ ಕೆಳಗಿನದು ಶಾಲೆಯ ಹೆಡ್ ಮೇಡಂ ಆಗಿದ್ದವರದು. ಎಲ್ಲಕ್ಕಿಂತ ಕೆಳಗಿನದು ಭಾವನ ತಾಯಿಯದು. ನಾನು ಅವರನ್ನು ದೊಡ್ಡಮ್ಮ ಅಂತ ಕರೆಯುತ್ತೇನೆ. ಮಂಡಿ ನೋವು, ಕಾಲು ಚಾಚಿಕೊಳ್ಳಲು ಜಾಗ ಬೇಕು. ಮೊದಲ ಮಹಡಿಯಿಂದ ಕೋಲು ಹಿಡಿದು ಇಳಿದು ಬಂದು ಅಲ್ಲಿ ಕೂತರೆಂದರೆ ಲೋಕದ ಪಂಚಾಯಿತಿಯೆಲ್ಲ ಅಲ್ಲೇ ತೀರ್ಮಾನವಾಗುತ್ತಿತ್ತು. ಆ ಹೊತ್ತಿಗಾಗಿ ದೊಡ್ಡಮ್ಮ ಮಧ್ಯಾಹ್ನದಿಂದಲೇ ತಲೆ ಬಾಚಿಕೊಂಡು, ಗಡಿಯಾರದ ಮೇಲೆ ಕಣ್ಣಿಟ್ಟುಕೊಂಡು ಕಾಯುತ್ತಿದ್ದರು. ದಿನದಲ್ಲಿ ಅವರು ಮನೆಯಿಂದ ಹೊರಗೆ ಕಾಲಿಡುತ್ತಿದ್ದದ್ದು ಅದೊಂದೇ ಸಲ.

ಒಂದು ಸಂಜೆ ನಮ್ಮ ಸಂಘದ ಅಧ್ಯಕ್ಷರು, ಅಂದರೆ ಮೂರನೇ ಮಹಡಿಯ ಹಲ್ಲಿನ ಡಾಕ್ಟರು, ಫೋನಿನಲ್ಲಿ ಯಾರದೋ ದವಡೆಯ ವಿಚಾರ ಮಾತಾಡುತ್ತಾ ಇಳಿದು ಬಂದವರು, ದೊಡ್ಡಮ್ಮ ಮೇಲಿನ ಮೆಟ್ಟಿಲುಗಳಿಗೆ ಒರಗಿಸಿಟ್ಟಿದ್ದ ಕೋಲಿಗೆ ಎಡವಿದರು. ಹವಾಲ್ದಾರರು ಅವರನ್ನು ಹಿಡಿಯಲು ಎದ್ದರು. ಡಾಕ್ಟರು ಹವಾಲ್ದಾರರಿಗೆ ತಗುಲಿ, ಇಬ್ಬರೂ ಹೆಡ್ ಮೇಡಮ್ಮಿನ ಚೀಲದ ಮೇಲೆ ಕೂತರು. ಡಾಕ್ಟರ ಮಣಿಕಟ್ಟು ಊದಿಕೊಂಡಿತು. ಊದಿದ ಮಣಿಕಟ್ಟನ್ನು ಕೊರಳಿಗೆ ಕಟ್ಟಿಕೊಂಡೇ ಅವರು ಸಂಘದ ಸಭೆ ಕರೆದರು.

“ಮೆಟ್ಟಿಲು ಇರೋದು ಹತ್ತೋಕೆ, ಇಳಿಯೋಕೆ. ಇನ್ನು ಮೇಲೆ ಯಾರೂ ಅಲ್ಲಿ ಕೂರೋ ಹಾಗಿಲ್ಲ. ಹಾಗಂತ ಹಿರಿಯರನ್ನ ಬೀದಿಗೆ ಹಾಕೋಕಾಗುತ್ತಾ? ಕೆಳಗಡೆ ಹಳೇ ಪಂಪು ರೂಮು ಖಾಲಿ ಬಿದ್ದಿದೆ. ರಸ್ತೆ ಕಡೆ ಕಿಟಕಿ ಇದೆ, ಗಾಳಿ ಬರುತ್ತೆ. ಅದನ್ನ ಅವರಿಗೆ ಕೊಡೋಣ” ಅಂದರು ಡಾಕ್ಟರು.

ಆಗ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದ. ಹೊಸದಾಗಿ ಬಾಡಿಗೆಗೆ ಬಂದವನು. ಯಾವುದೋ ಆಫೀಸಿನಲ್ಲಿ ಕೆಲಸ, ಉಳಿದ ಹೊತ್ತೆಲ್ಲ ತೋಳಿನ ಪೋಷಣೆ. ಅವನು ಮನೆಯಲ್ಲಿ ಭಾರ ಎತ್ತಿ ಕೆಳಗಿಟ್ಟಾಗಲೆಲ್ಲ ಅವನ ಕೆಳಗಿನ ಮನೆಯ ನನ್ನ ತಟ್ಟೆಗಳು ಸದ್ದು ಮಾಡುತ್ತಿದ್ದವು. ಹಾಗಾಗಿ ನಾವು ಅವನನ್ನು ಡಂಬೆಲ್ಸ್ ಅಂತ ಕರೆಯುತ್ತಿದ್ದೆವು. “ಆ ರೂಮನ್ನ ನನಗೆ ಕೊಟ್ರೆ ಮೆಷೀನುಗಳನ್ನ ತಂದಿಡ್ತೀನಿ ಸರ್, ನಮ್ಮ ವಯಸ್ಸಿನವರೆಲ್ಲ ಉಪಯೋಗಿಸ್ಕೋಬಹುದು” ಅಂದ. ಮಾತು ಮೆತ್ತಗಿತ್ತು, ವಿನಯ ಇತ್ತು.

ಡಾಕ್ಟರು ಯೋಚಿಸಿ ತೀರ್ಪು ಕೊಟ್ಟರು: ಮೊದಲ ಹಕ್ಕು ಹಿರಿಯರದು. ಮುಂದಿನ ಸಭೆಯವರೆಗೂ ಅವರು ಅಲ್ಲಿ ಕೂರದೆ ಖಾಲಿ ಬಿಟ್ಟರೆ ಡಂಬೆಲ್ಸ್‌ಗೆ. ವ್ಯವಸ್ಥೆಯ ಹೊಣೆ ಕಾರ್ಯದರ್ಶಿಯದು.

ಬೇರೆ ಯಾರಾದರೂ ಆಗಿದ್ದರೆ ನಾಲ್ಕು ಕುರ್ಚಿ ಹಾಕಿ ಬಾಗಿಲು ತೆಗೆದಿಡುತ್ತಿದ್ದರು. ನಮ್ಮ ಭಾವ ಬಾಗಿಲಿಗೆ ಬೀಗ ಹಾಕಿ ಪೇಂಟರನ್ನು ಕರೆಸಿದರು.

“ಬೋರ್ಡು ಇಲ್ಲದೆ ರೂಮು ತೆಗೆದ್ರೆ ಅದು ಪಂಪು ರೂಮೇ. ಜನ ಬಕೆಟ್ ತಗೊಂಡು ಬರ್ತಾರೆ” ಅಂತ ನನಗೆ ವಿವರಿಸಿದರು. ಅವರ ತೊಡೆಯ ಮೇಲೆ ಇಂಗ್ಲಿಷ್ ಡಿಕ್ಷನರಿ ಇತ್ತು. ಅದರ ತೂಕಕ್ಕೇ ಒಂದು ಮುದ್ರೆ ಒತ್ತಬಹುದಾಗಿತ್ತು.

“ನಮ್ಮ ಭಾಷೇಲೇ ಬರೆಸಿ ಭಾವ. ಎಲ್ಲರಿಗೂ ಅರ್ಥವಾಗುತ್ತೆ” ಅಂದೆ.

“ಅರ್ಥವಾಗುತ್ತೆ, ಅದೇ ತೊಂದರೆ. ನಮ್ಮ ಭಾಷೇಲಿ ಮುದುಕ ಅಂದ್ರೆ ಹೊಡೆಯೋಕೆ ಬರ್ತಾರೆ. ಅದನ್ನೇ ಇಂಗ್ಲಿಷಲ್ಲಿ ಅಂದ್ರೆ ಥ್ಯಾಂಕ್ಸ್ ಅಂತಾರೆ. ಇಂಗ್ಲಿಷಿನ ಗುಣವೇ ಅದು ಕಣಯ್ಯಾ.”

“ಹಾಗಾದ್ರೆ ನಿಮ್ಮನ್ನ ಇಂಗ್ಲಿಷಲ್ಲಿ ಏನನ್ಬೇಕ್ರೀ? ನಿಮಗೂ ಅರವತ್ತು ದಾಟಿತಲ್ಲ” ಅಂತ ಅಡುಗೆಮನೆಯಿಂದ ಅಕ್ಕ ಕೇಳಿದಳು.

ಭಾವ ಡಿಕ್ಷನರಿಯ ಪುಟ ತಿರುವಿದರು. “ನಾನು ವ್ಯವಸ್ಥೆ ಮಾಡೋನು. ವ್ಯವಸ್ಥೆಯ ಒಳಗೆ ಬರೋನಲ್ಲ” ಅಂದರು.

ಮೊದಲನೇ ಬೋರ್ಡು ಸರಳವಾಗಿತ್ತು. ನೀಲಿ ಬಣ್ಣದ ಮೇಲೆ ಬಿಳಿ ಅಕ್ಷರದಲ್ಲಿ ‘ಓಲ್ಡ್ ಪೀಪಲ್ಸ್ ರೂಮ್’. ಬೋರ್ಡು ಒಣಗುವ ಮೊದಲೇ ಮ್ಯಾನೇಜರರು ಅದರ ಮುಂದೆ ನಿಂತಿದ್ದರು. ಅವರ ಮೀಸೆ ಆ ವಾರ ಎಂದಿಗಿಂತ ಕಪ್ಪಾಗಿತ್ತು.

“ಇದು ಯಾರಿಗೆ?” ಅಂತ ಕೇಳಿದರು.

“ತಮ್ಮಂಥವರಿಗೇ ಸಾರ್” ಅಂದರು ಭಾವ ಕೈಮುಗಿದು.

“ನನ್ನಂಥವರು ಅಂದ್ರೆ?”

“ಅಂದ್ರೆ... ಬೋರ್ಡಲ್ಲಿ ಬರೆದಿದೆಯಲ್ಲ ಸಾರ್.”

“ನಾನು ಲಿಫ್ಟ್ ಹತ್ತಿದ್ದನ್ನ ನೀವು ಯಾವತ್ತಾದ್ರೂ ನೋಡಿದ್ದೀರಾ? ಓಲ್ಡ್ ಅಂತೆ, ಓಲ್ಡ್! ಹಳೇ ಕಟ್ಟಡಕ್ಕೆ ಹೇಳ್ತಾರೆ, ಹಳೇ ಬೂಟಿಗೆ ಹೇಳ್ತಾರೆ. ಬ್ಯಾಂಕಿಗೆ ಸುತ್ತೋಲೆ ಬರೆದವನು ನಾನು, ನನಗೇ ಇಂಗ್ಲಿಷ್ ತೋರಿಸ್ತೀರಾ?” ಅಂದವರೇ ಮೆಟ್ಟಿಲನ್ನು ಎರಡೆರಡಾಗಿ ಹತ್ತಿಕೊಂಡು ಹೋದರು. ಮೊದಲ ತಿರುವಿನಲ್ಲಿ ನಿಂತು ಕಂಬಿ ಹಿಡಿದುಕೊಂಡು ಏದುಸಿರು ಬಿಡುತ್ತಿದ್ದುದನ್ನು ನಾನು ನೋಡಿದೆ. ಮರ್ಯಾದೆಯಿಂದ ಮುಖ ತಿರುಗಿಸಿಕೊಂಡೆ.

ನಮ್ಮ ಕಟ್ಟಡದ ಲಿಫ್ಟು ಕೆಟ್ಟು ವರ್ಷವಾಗಿತ್ತು ಅನ್ನುವುದು ಬೇರೆ ಮಾತು.

ಮ್ಯಾನೇಜರರು ಆ ರೂಮಿಗೆ ಹೋಗಲಿಲ್ಲವಾದ್ದರಿಂದ ಹವಾಲ್ದಾರರೂ ಹೋಗಲಿಲ್ಲ. ಅವರಿಬ್ಬರೂ ಹೋಗಲಿಲ್ಲವಾದ್ದರಿಂದ ಹೆಡ್ ಮೇಡಂ ಬೋರ್ಡಿನ ಕಡೆಗೆ ತಿರುಗಿಯೂ ನೋಡಲಿಲ್ಲ. ದೊಡ್ಡಮ್ಮ ಮಾತ್ರ ಕೋಲು ಊರಿಕೊಂಡು ಬಾಗಿಲವರೆಗೂ ಬಂದು ಒಳಗೆ ಇಣುಕಿದರು.

“ಯಾರೂ ಇಲ್ವಲ್ಲೋ.”

“ಬರ್ತಾರಮ್ಮ. ನೀನು ಕೂತ್ಕೊಂಡಿರು” ಅಂದರು ಭಾವ.

“ಒಬ್ಬಳೇ ಕೂರೋಕೆ ಮನೆ ಸಾಲದಾ? ಮಂಡಿ ನೋಯಿಸ್ಕೊಂಡು ಕೆಳಗೆ ಬರಬೇಕಾ?” ಅಂದು ದೊಡ್ಡಮ್ಮ ತಿರುಗಿ ಹೊರಟರು. ಅವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಬೋರ್ಡಿನ ಮೇಲೆ ‘ಕತ್ತೆಗಳ ಕೊಟ್ಟಿಗೆ’ ಅಂತ ಬರೆದಿದ್ದರೂ, ಒಳಗೆ ನಾಲ್ಕು ಜನ ಮಾತಾಡುತ್ತಿದ್ದರೆ ಅವರು ಹೋಗಿ ಕೂರುತ್ತಿದ್ದರು.

ಭಾವ ಸೋಲೊಪ್ಪುವವರ ಪೈಕಿಯಲ್ಲ. ಎರಡನೇ ಬೋರ್ಡಿಗೆ ಸರ್ಕಾರದ ಬೆಂಬಲವೇ ಇತ್ತು: ‘ಸೀನಿಯರ್ ಸಿಟಿಜನ್ಸ್’. “ಇದಕ್ಕೆ ಯಾರೂ ತಕರಾರು ತೆಗೆಯೋ ಹಾಗಿಲ್ಲ. ರೈಲ್ವೆ ಸ್ಟೇಷನ್ನಲ್ಲೇ ಬರೆದಿರುತ್ತಾರೆ” ಅಂದರು.

ನಿಜ ಹೇಳಬೇಕೆಂದರೆ ಈ ಬೋರ್ಡು ಗೆಲ್ಲುತ್ತಿತ್ತು. ಮ್ಯಾನೇಜರರಿಗೆ ‘ಸೀನಿಯರ್’ ಅನ್ನುವ ಪದ ಕಿವಿಗೆ ಹಿತವಾಗಿತ್ತು, ಮುಖದ ಮೇಲೆ ಬಡ್ತಿ ಸಿಕ್ಕಿದ ಕಳೆ ಬಂತು. ಸಂಜೆ ನಾಲ್ಕೂ ಜನ ಬಾಗಿಲವರೆಗೆ ಬಂದರು. ದೊಡ್ಡಮ್ಮ ಮುಂದಿನ ಕುರ್ಚಿಯ ಮೇಲೆ ಕಣ್ಣಿಟ್ಟಿದ್ದರು. ಆದರೆ ಬಾಗಿಲಲ್ಲಿ ಒಂದು ಸ್ಟೂಲ್ ಇತ್ತು, ಸ್ಟೂಲಿನ ಮೇಲೆ ನಮ್ಮ ಭಾವ ಇದ್ದರು.

“ದಯವಿಟ್ಟು ಎಲ್ಲರೂ ವಯಸ್ಸಿನ ದಾಖಲೆ ತೋರಿಸಿ” ಅಂದರು.

“ಏನು ತೋರಿಸ್ಬೇಕು?” ಅಂದರು ಹೆಡ್ ಮೇಡಂ.

“ಅರವತ್ತಾಗಿದೆ ಅನ್ನೋದಕ್ಕೆ ದಾಖಲೆ ಮೇಡಂ. ಅಳತೆ ಮಾಡದೆ ಒಳಗೆ ಬಿಟ್ರೆ ಬೋರ್ಡಿಗೆ ಬೆಲೆ ಏನು?”

ಇಲ್ಲಿ ಒಂದು ಮಾತು ಹೇಳಬೇಕು. ಹೆಡ್ ಮೇಡಮ್ಮಿಗೆ ಐವತ್ತೆಂಟು ವಯಸ್ಸು. ನಾನು ಈ ಕಟ್ಟಡಕ್ಕೆ ಬಂದಾಗಲೂ ಅವರಿಗೆ ಐವತ್ತೆಂಟೇ ಆಗಿತ್ತು. ಅವರ ಜೊತೆಗೇ ಇರುವ ಅವರ ತಂಗಿಗೆ ಈಗ ಅರವತ್ತೆರಡು. ಇದರಲ್ಲಿ ಏನೋ ಲೆಕ್ಕ ತಪ್ಪಿದೆ ಅನ್ನುವುದು ಇಡೀ ಕಟ್ಟಡಕ್ಕೆ ಗೊತ್ತು. ಬಾಯಿ ಬಿಟ್ಟು ಹೇಳುವ ಧೈರ್ಯ ಮಾತ್ರ ಯಾರಿಗೂ ಇಲ್ಲ.

ಮೇಡಂ ಚೀಲದ ಬಾಯಿ ತೆರೆದರು, ಒಳಗೆ ನೋಡಿದರು, ಮುಚ್ಚಿದರು. “ನನಗೆ ಇನ್ನೂ ಸಮಯ ಇದೆ. ಅರವತ್ತಾದಾಗ ಬರ್ತೀನಿ” ಅಂದು ತಲೆಯೆತ್ತಿ ನಡೆದರು.

ಉಳಿದವರು ಮೂವರು. ಮ್ಯಾನೇಜರರು ಕಿಟಕಿಯ ಪಕ್ಕದ ಕುರ್ಚಿ ಹಿಡಿಯಲು ಹೊರಟರೆ ಹವಾಲ್ದಾರರು ಅಡ್ಡ ನಿಂತರು.

“ಸೀನಿಯರ್ ನಾನು. ನಿಮಗಿಂತ ಮೂರು ವರ್ಷ ದೊಡ್ಡೋನು.”

“ಹುದ್ದೇಲಿ ಸೀನಿಯರ್ ನಾನು. ನನ್ನ ಕೈ ಕೆಳಗೆ ಇಡೀ ಶಾಖೆ ಇತ್ತು.”

“ನನ್ನ ಕೈ ಕೆಳಗೆ ಬಂದೂಕು ಇತ್ತು.”

“ಬೋರ್ಡಲ್ಲಿ ಸಿಟಿಜನ್ ಅಂತಿದೆ. ಬಂದೂಕಿನ ಮಾತು ಬೇಡ.”

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗೆ ಅವರು ಒಂದೇ ಕುರ್ಚಿಯನ್ನು ಎರಡು ಕಡೆಯಿಂದ ಹಿಡಿದು ನಿಂತರು. ಭಾವ ಸ್ಟೂಲಿನ ಮೇಲೆ ನಿಂತು ಸೀನಿಯಾರಿಟಿ ಅಂದರೆ ವಯಸ್ಸೋ ಹುದ್ದೆಯೋ ಅಂತ ಡಿಕ್ಷನರಿಯಿಂದ ಓದಿ ಹೇಳತೊಡಗಿದರು. ಓದು ಮುಗಿಯುವ ಹೊತ್ತಿಗೆ ಕುರ್ಚಿಯ ಒಂದು ಕೈ ಹವಾಲ್ದಾರರ ಕೈಗೆ ಬಂದಿತ್ತು. ಇಬ್ಬರೂ ಬೇರೆ ಬೇರೆ ದಿಕ್ಕಿಗೆ ಹೋದರು. ಹವಾಲ್ದಾರರು ಕುರ್ಚಿಯ ಕೈಯನ್ನೂ ತೆಗೆದುಕೊಂಡು ಹೋದರು.

ದೊಡ್ಡಮ್ಮ ಗೋಡೆಗೆ ಒರಗಿ ನಿಂತೇ ಇದ್ದರು. “ಮುಗೀತೇನೋ ನಿನ್ನ ಪರೀಕ್ಷೆ?” ಅಂದು ಮೆಟ್ಟಿಲು ಹತ್ತಲು ಶುರು ಮಾಡಿದರು. ನಾನು ಕೈ ಹಿಡಿದುಕೊಂಡೆ. ಒಂದೊಂದು ಮೆಟ್ಟಿಲಿಗೂ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು.

ಆಮೇಲೆ ಭಾವನಿಗೆ ಹಟ ಹಿಡಿಯಿತು. ಪೇಂಟರು ನಮ್ಮ ಕಟ್ಟಡದವರೇ ಆಗಿಹೋದರು. ಬೆಳಿಗ್ಗೆ ಬಂದು ಬೋರ್ಡಿಗೆ ಬಣ್ಣ ಬಳಿದು ಹಳೆಯದನ್ನು ಅಳಿಸುವುದು, ಒಣಗುವವರೆಗೆ ಅಕ್ಕ ಕೊಟ್ಟ ಕಾಫಿ ಕುಡಿಯುವುದು, ಆಮೇಲೆ “ಈವತ್ತಿನ ಪದ ಏನು ಸಾರ್?” ಅಂತ ಕೇಳುವುದು.

‘ಏಜ್ಡ್’ ಅಂತ ಬರೆಸಿದರು. ಮ್ಯಾನೇಜರರು ನೇರವಾಗಿ ಬರದೆ ಫೋನ್ ಮಾಡಿ, “ನಾವೇನು ಗೋದಾಮಲ್ಲಿ ಕೊಳೀತಿರೋ ಸರಕಾ?” ಅಂತ ಕೇಳಿದರು. ‘ಎಲ್ಡರ್ಲಿ’ ಅಂತ ಬರೆಸಿದರು. ಹೆಡ್ ಮೇಡಮ್ಮಿನ ತಂಗಿ ಬಂದು, “ಈ ಪದವನ್ನ ಪೇಪರಲ್ಲಿ ಯಾವಾಗ ಬಳಸ್ತಾರೆ ಗೊತ್ತಾ? ರಸ್ತೆ ದಾಟುವಾಗ ಗಾಡಿಗೆ ಸಿಕ್ಕವರಿಗೆ. ನಮ್ಮಕ್ಕ ಬೆಳಗಿನಿಂದ ಊಟ ಬಿಟ್ಟಿದ್ದಾಳೆ” ಅಂದರು. ‘ಗೋಲ್ಡನ್ ಏಜ್’ ಅಂತ ಬರೆಸಿದಾಗ ಸ್ವತಃ ಡಾಕ್ಟರೇ ಇಳಿದು ಬಂದು, “ಹಲ್ಲಿಗೆ ಚಿನ್ನ ಕಟ್ಟಿಸ್ಕೊಳ್ಳೋ ವಯಸ್ಸು ಅಂತ ನನ್ನ ಹತ್ರ ಬರೋರೆಲ್ಲ ನಗ್ತಿದ್ದಾರೆ, ತೆಗೆಸಿ” ಅಂದರು.

ಕೊನೆಗೆ ಡಿಕ್ಷನರಿಯ ಕಡೆಯ ಪುಟಗಳಲ್ಲಿ ‘ವೆಟರನ್ಸ್’ ಸಿಕ್ಕಿತು. ಅನುಭವಸ್ಥರು, ಪಳಗಿದವರು ಅಂತ ಅರ್ಥ ಕೊಟ್ಟಿತ್ತು. ಭಾವನಿಗೆ ಕಣ್ಣಲ್ಲಿ ನೀರು ಬಂತು. “ಇಷ್ಟು ದಿನ ಎಲ್ಲಿತ್ತೋ ಈ ಪದ!” ಅಂದರು.

ಮರುದಿನ ಬೆಳಿಗ್ಗೆ ಹವಾಲ್ದಾರರು ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಎದೆಯ ಮೇಲೆ ಪದಕ ಸಿಕ್ಕಿಸಿಕೊಂಡು ರೂಮಿನೊಳಗೆ ಕೂತಿದ್ದರು. ಜೀವಮಾನದಲ್ಲಿ ಮೊದಲ ಸಲ ಮಾಜಿ ಸೈನಿಕರಿಗೆಂದೇ ಒಂದು ಕೋಣೆ ಕೊಟ್ಟಿದ್ದಕ್ಕೆ ಭಾವನಿಗೆ ಸಲ್ಯೂಟ್ ಹೊಡೆದರು. ಸಂಜೆ ಮ್ಯಾನೇಜರರು ಬಾಗಿಲಿಗೆ ಬಂದರೆ, “ನಿಮ್ಮದು ಯಾವ ರೆಜಿಮೆಂಟು?” ಅಂತ ಕೇಳಿದರು. ಹೆಡ್ ಮೇಡಮ್ಮಿಗೂ ಅದನ್ನೇ ಕೇಳಿದರು. ದೊಡ್ಡಮ್ಮನನ್ನು ಮಾತ್ರ ಕೇಳದೆ, “ಬನ್ನಿ ತಾಯಿ, ಕೂತ್ಕೊಳ್ಳಿ” ಅಂದರು. ದೊಡ್ಡಮ್ಮ ಕೂತರು. ಹವಾಲ್ದಾರರು ಒಂದು ಗಡಿಯ ಕಥೆ ಹೇಳಿದರು. ಅದು ಮುಗಿದ ಮೇಲೆ ಅದನ್ನೇ ಇನ್ನೊಂದು ಸಲ ಹೇಳಿದರು. ದೊಡ್ಡಮ್ಮ ಮರುದಿನ ಹೋಗಲಿಲ್ಲ. ಕೇಳುವವರಿಲ್ಲದ ಮೇಲೆ ಹವಾಲ್ದಾರರೂ ಬರುವುದನ್ನು ನಿಲ್ಲಿಸಿದರು.

ಅಷ್ಟು ಹೊತ್ತಿಗೆ ಆ ಹಲಗೆ ಬಣ್ಣ ಮೆತ್ತಿ ಮೆತ್ತಿ ಎಷ್ಟು ದಪ್ಪವಾಗಿತ್ತೆಂದರೆ, ಮೊಳೆ ಹಿಡಿಯದೆ ಒಂದು ಮಧ್ಯಾಹ್ನ ತಾನಾಗಿ ಬಿತ್ತು. ಮೂಗಿಗಿಂತ ಮೂಗುತಿ ಭಾರ ಅಂತ ಅಕ್ಕ ಅಂದಳು. ಬಿದ್ದ ಸದ್ದಿಗೆ ನಾನು ಇಳಿದು ಹೋಗಿ ನೋಡಿದರೆ ಡಂಬೆಲ್ಸ್ ಟೇಪು ಹಿಡಿದುಕೊಂಡು ರೂಮಿನ ಉದ್ದಗಲ ಅಳೆಯುತ್ತಿದ್ದ.

“ತಪ್ಪು ತಿಳ್ಕೋಬೇಡಿ ಅಂಕಲ್. ಅವರು ಬಂದ್ರೆ ನಾನು ಕೇಳ್ತಾನೇ ಇರಲಿಲ್ಲ. ಆದರೆ ಯಾರೂ ಬರ್ತಿಲ್ಲ ಅಲ್ವಾ?” ಅಂದ.

ನನಗೆ ಬೇರೇನೂ ಕೇಳಿಸಲಿಲ್ಲ. ಐವತ್ತಕ್ಕೆ ಇನ್ನೂ ಕಾಲಿಡದವನನ್ನು ಅಂಕಲ್ ಅಂದನಲ್ಲ ಅಂತ ಆ ದಿನ ಕನ್ನಡಿಯ ಮುಂದೆ ಸ್ವಲ್ಪ ಹೊತ್ತು ನಿಂತೆ. ಅದೂ ಇಂಗ್ಲಿಷ್ ಪದವೇ. ಥ್ಯಾಂಕ್ಸ್ ಅನ್ನಬೇಕು ಅಂತ ನನಗೆ ಅನಿಸಲಿಲ್ಲ.

ಸಭೆಗೆ ಇನ್ನೊಂದು ವಾರ ಇದ್ದಾಗ ಭಾವ ತಾಯಿಯ ಮುಂದೆ ಕೂತು ಅಂಗಲಾಚಿದರು. ನಾನೂ ಅಲ್ಲೇ ಇದ್ದೆ.

“ಅಮ್ಮ, ನೀನೊಬ್ಬಳಾದ್ರೂ ಹೋಗಿ ಕೂತ್ಕೊಂಡ್ರೆ ರೂಮು ಉಳಿಯುತ್ತೆ. ಇಲ್ಲದಿದ್ರೆ ಅವನಿಗೆ ಹೋಗುತ್ತೆ.”

“ರೂಮು ಇಟ್ಕೊಂಡು ನಾನೇನೋ ಮಾಡ್ಲಿ? ನಾನು ರೂಮು ಕೇಳಿದ್ನಾ?” ಅಂದರು ದೊಡ್ಡಮ್ಮ. “ಮೆಟ್ಟಿಲ ಮೇಲೆ ಕೂತು ನಾಲ್ಕು ಮಾತಾಡ್ತಿದ್ದೆ. ಈಗ ಬೆಳಗಿನಿಂದ ಈ ಗೋಡೆ ನೋಡ್ತೀನಿ, ಮಧ್ಯಾಹ್ನ ಆ ಗೋಡೆ ನೋಡ್ತೀನಿ. ನಿನ್ನ ಹೆಂಡತಿ ಒಳ್ಳೆಯವಳು, ಊಟ ಕೊಡ್ತಾಳೆ, ಔಷಧಿ ಕೊಡ್ತಾಳೆ. ಆದರೆ ಅವಳಿಗೆ ಕೆಲಸ ಇದೆ. ನನ್ನ ಜೊತೆಯವರನ್ನೆಲ್ಲ ನೀನು ಒಂದೊಂದು ಪದ ಹಾಕಿ ಓಡಿಸ್ಬಿಟ್ಟೆ. ಬೇಜಾರಾಗುತ್ತೆ ಕಣೋ ನಂಗೆ. ತುಂಬಾ ಬೇಜಾರಾಗುತ್ತೆ.”

ಆ ದಿನ ಭಾವನ ಕಾಫಿಯಲ್ಲಿ ಏನಿತ್ತೋ ಅವರಿಗೇ ಗೊತ್ತಿರಲಿಕ್ಕಿಲ್ಲ. ಎದ್ದು ಹೋಗಿ ಮ್ಯಾನೇಜರರ ಬಾಗಿಲು ತಟ್ಟಿದರು, ಹವಾಲ್ದಾರರ ಬಾಗಿಲು ತಟ್ಟಿದರು, ಹೆಡ್ ಮೇಡಮ್ಮಿನ ತಂಗಿಯ ಹತ್ತಿರ ಬೈಸಿಕೊಂಡರು. “ಬೋರ್ಡೇ ಇಲ್ಲ, ಹಾಗೇ ಬನ್ನಿ” ಅಂದರು. ಆದರೆ ಕಾಲ ಮಿಂಚಿತ್ತು. ಆ ಕೋಣೆ ಯಾರಿಗೆ ಅಂತ ಕಟ್ಟಡದ ಕೂಸಿಗೂ ಗೊತ್ತಾಗಿತ್ತು. ಬೋರ್ಡು ಬಿದ್ದರೂ ಆ ಕೋಣೆಯೊಳಗೆ ಕಾಲಿಟ್ಟವರು ಮುದುಕರು ಅನ್ನುವ ಹೆಸರು ಬೀಳಲಿಲ್ಲ.

ಸಭೆ ನಡೆಯಿತು. ಡಾಕ್ಟರ ಮಣಿಕಟ್ಟು ಗುಣವಾಗಿತ್ತು, ಎರಡೂ ಕೈ ಬೀಸಿ ಮಾತಾಡಿದರು. ರೂಮು ಡಂಬೆಲ್ಸ್‌ಗೆ ಹೋಯಿತು. ಭಾವ ಕಾರ್ಯದರ್ಶಿ ಕೆಲಸ ಬಿಡುತ್ತೇನೆ ಅಂದರು. ಬೇರೆ ಯಾರೂ ಸಿಗದ್ದರಿಂದ ಬಿಡಗೊಡಲಿಲ್ಲ.

ಡಂಬೆಲ್ಸ್ ಚುರುಕಿನ ಹುಡುಗ. ಭಾನುವಾರ ಮೆಷೀನುಗಳು ಬಂದವು. ತುಳಿಯುವ ಸೈಕಲ್ಲು, ಭಾರ ಎತ್ತುವ ಬೆಂಚು, ಎಂಥದೋ ಎಳೆಯುವ ಹಗ್ಗ. ಬಾಗಿಲಿಗೆ ಬೋರ್ಡೂ ಬಂತು. ಪೇಂಟರು ಹಳೆಯವರೇ, ಹಲಗೆ ಹೊಸದು. ಕೆಂಪು ಬಣ್ಣದ ದೊಡ್ಡ ಅಕ್ಷರದಲ್ಲಿ ‘ಯೂತ್ ಓನ್ಲಿ’ ಅಂತ ಬರೆದಿತ್ತು. ಯುವಕರಿಗೆ ಮಾತ್ರ.

ಸೋಮವಾರ ಬೆಳಿಗ್ಗೆ ಹಾಲು ತರಲು ಇಳಿದ ಮ್ಯಾನೇಜರರು ಆ ಬೋರ್ಡಿನ ಮುಂದೆ ನಿಂತುಬಿಟ್ಟರು. ನಾನು ಆಫೀಸಿಗೆ ಹೊರಟಿದ್ದೆ. ಅವರು ಕನ್ನಡಕ ಏರಿಸಿ, ಇಳಿಸಿ, ಎರಡು ಸಲ ಓದಿದರು.

“ಓನ್ಲಿ ಅಂತೆ ಕಣ್ರೀ, ನೋಡಿದ್ರಾ? ಒಳಗೆ ಯಾರು ಹೋಗಬೇಕು, ಯಾರು ಹೋಗಬಾರದು ಅಂತ ಈ ಹುಡುಗ ತೀರ್ಮಾನ ಮಾಡ್ತಾನಂತೆ! ನನ್ನನ್ನ ಯಾರು ತಡೀತಾರೋ ನೋಡೇಬಿಡ್ತೀನಿ” ಅಂದವರೇ ಹಾಲಿನ ಪಾತ್ರೆಯನ್ನು ನನ್ನ ಕೈಗಿತ್ತು ಒಳಗೆ ನುಗ್ಗಿ ಸೈಕಲ್ಲು ಹತ್ತಿದರು.

ನಾನು ಆಫೀಸಿಗೆ ತಡವಾಗಿ ಹೋದೆ. ಆದರೆ ನೋಡಬೇಕಾದ್ದನ್ನು ನೋಡಿಕೊಂಡೇ ಹೋದೆ. ಮ್ಯಾನೇಜರರು ಒಳಗಿರುವುದನ್ನು ಕಂಡು ಹವಾಲ್ದಾರರು ಬಂದರು. ಮ್ಯಾನೇಜರ್ ಯುವಕನಾದರೆ ತಾನೇನು ಕಡಿಮೆ? ಹಗ್ಗ ಹಿಡಿದು ಎಳೆಯತೊಡಗಿದರು. ಹೆಡ್ ಮೇಡಂ ಬಾಗಿಲಲ್ಲಿ ನಿಂತು ಬೋರ್ಡು ಓದಿ, ಗಟ್ಟಿಯಾಗಿ ಎಲ್ಲರಿಗೂ ಕೇಳುವ ಹಾಗೆ, “ಐವತ್ತೆಂಟೂ ಒಂದು ವಯಸ್ಸೇನ್ರೀ!” ಅಂದು ಒಳಗೆ ಹೋದರು. ಹಿಂದೆಯೇ ಅವರ ತಂಗಿ, ಅಕ್ಕನೇ ಹೋದ ಮೇಲೆ ತಾನು ಹೋಗದಿದ್ದರೆ ಹೇಗೆ ಅಂತ.

ಸಂಜೆ ನಾನು ವಾಪಸು ಬರುವಾಗ ರಸ್ತೆಯವರೆಗೂ ನಗು ಕೇಳುತ್ತಿತ್ತು. ಅಷ್ಟರಲ್ಲಿ ಮೇಲಿನಿಂದ ಕೋಲಿನ ಸದ್ದು ಬಂತು. ದೊಡ್ಡಮ್ಮ ಅಕ್ಕನ ಕೈ ಹಿಡಿದುಕೊಂಡು ಇಳಿಯುತ್ತಿದ್ದರು. ತಲೆ ಬಾಚಿಕೊಂಡಿದ್ದರು.

“ಅಲ್ಲಿ ಯಾರೋ ಮಾತಾಡ್ತಿದ್ದಾರೆ ಕಣೋ. ಹೆಡ್ ಮೇಡಮ್ ಧ್ವನಿ ಕೇಳಿಸ್ತು” ಅಂದರು. ಮುಖವೆಲ್ಲ ನಗು.

ಅವರು ಬೋರ್ಡಿನ ಕೆಳಗೆ ಹಾದು ಒಳಗೆ ಹೋದರು. ಭಾರ ಎತ್ತುವ ಬೆಂಚನ್ನು ಕೈಯಿಂದ ಒತ್ತಿ ನೋಡಿ, “ಮೆತ್ತಗಿದೆ” ಅಂದು ಕೂತು, ಸೈಕಲ್ಲಿನ ಕಡೆಗೆ ಕಾಲು ಚಾಚಿಕೊಂಡರು. ಆಮೇಲೆ ಇಷ್ಟು ದಿನದ ಬಾಕಿ ಸುದ್ದಿಯನ್ನೆಲ್ಲ ಕೇಳತೊಡಗಿದರು. ಸುದ್ದಿ ಬೇಕಾದಷ್ಟಿತ್ತು. ಅದರಲ್ಲಿ ಮುಕ್ಕಾಲು ಭಾಗ ನಮ್ಮ ಭಾವನದೇ.

ಡಂಬೆಲ್ಸ್ ಆಫೀಸಿನಿಂದ ಬಂದು ಬಾಗಿಲಲ್ಲಿ ನಿಂತ. ಒಳಗೆ ನೋಡಿದ, ಬೋರ್ಡು ನೋಡಿದ, ಮತ್ತೆ ಒಳಗೆ ನೋಡಿದ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ನೇರವಾಗಿ ಭಾವನ ಮನೆಗೆ ಓಡಿದ. ನಾನೂ ಹಿಂದೆಯೇ ಹೋದೆ.

“ಅಂಕಲ್, ಸ್ವಲ್ಪ ಬಂದು ಅವರಿಗೆ ಹೇಳಿ. ಅದು... ಅಂಥವರಿಗೆ ಅಲ್ಲ.”

ಭಾವ ಕನ್ನಡಕ ಹಾಕಿಕೊಂಡರು. ಅವರು ನ್ಯಾಯವಂತರು. ತಮ್ಮ ತಾಯಿ ಒಳಗಿದ್ದರೂ ಕಾನೂನು ಕಾನೂನೇ. “ಖಂಡಿತ ಹೇಳೋಣ. ಎಂಥವರಿಗೆ ಅಲ್ಲ ಅಂತ ಹೇಳಲಿ?” ಅಂದರು.

“ಓಲ್ಡ್...”

“ಅದು ಆಗಲ್ಲ. ಮ್ಯಾನೇಜರರು ಕೂಗಾಡ್ತಾರೆ.”

“ಸೀನಿಯರ್ಸ್?”

“ಕುರ್ಚಿ ಮುರೀತಾರೆ.”

“ಎಲ್ಡರ್ಲಿ ಅನ್ನಿ ಅಂಕಲ್, ಅದು ಡೀಸೆಂಟಾಗಿದೆ.”

“ಹೆಡ್ ಮೇಡಂ ಊಟ ಬಿಡ್ತಾರೆ. ನೋಡಪ್ಪಾ, ನಾನು ಇಡೀ ಡಿಕ್ಷನರಿ ಹುಡುಕಿ ಆಗಿದೆ. ಇಂಗ್ಲಿಷು ಖಾಲಿಯಾಯ್ತು. ನಿನಗೆ ಬೇರೆ ಯಾವುದಾದ್ರೂ ಪದ ಸಿಕ್ರೆ ಹೇಳು, ಈಗಲೇ ಬರ್ತೀನಿ” ಅಂದರು ಭಾವ. ಅವರು ಅದನ್ನು ನಿಜವಾಗಿಯೂ ಹೇಳಿದ್ದು, ಕುಚೋದ್ಯಕ್ಕಲ್ಲ. ಅವರಿಗೆ ಕುಚೋದ್ಯ ಬರುವುದಿಲ್ಲ.

ಹುಡುಗ ಬೇರೆ ದಾರಿ ಕಾಣದೆ ತಾನೇ ಕೆಳಗಿಳಿದ. ಭಾವ ಹಿಂದೆ, ಭಾವನ ಹಿಂದೆ ನಾನು, ನನ್ನ ಹಿಂದೆ ಸೌಟು ಹಿಡಿದುಕೊಂಡೇ ಬಂದ ಅಕ್ಕ. ಅವನು ಬಾಗಿಲಲ್ಲಿ ನಿಂತು ಗಂಟಲು ಸರಿ ಮಾಡಿಕೊಂಡ. ಒಳಗೆ ಮಾತು ನಿಂತಿತು. ಸೈಕಲ್ಲು ತುಳಿಯುತ್ತಿದ್ದ ಮ್ಯಾನೇಜರರು ತುಳಿಯುತ್ತಲೇ ಅವನನ್ನು ದಿಟ್ಟಿಸಿದರು.

“ಎಕ್ಸ್‌ಕ್ಯೂಸ್ ಮಿ. ಇದು ಏನಂದ್ರೆ... ಈ ಜಾಗ... ತಮ್ಮಂಥ...” ಅಂದ. ಮುಂದೆ ಪದ ಬರಲಿಲ್ಲ. ಕೈಯಿಂದ ಬೋರ್ಡು ತೋರಿಸಿದ.

“ಅದೇನಪ್ಪಾ ತೋರಿಸ್ತಿದ್ದೀಯ? ನನಗೆ ಓದೋಕೆ ಬರಲ್ಲ” ಅಂದರು ದೊಡ್ಡಮ್ಮ.

“ಅದು ಮೇಡಂ... ಇಲ್ಲಿ ಕೂರೋ ಹಾಗಿಲ್ಲ ಅಂತ...”

“ನನ್ನನ್ನ ಎದ್ದು ಹೋಗು ಅಂತಿದ್ದೀಯೇನೋ?”

ದೊಡ್ಡಮ್ಮ ಕೋಲನ್ನು ಹತ್ತಿರ ಎಳೆದುಕೊಂಡರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ.

“ನಾನೇನು ಹಟ ಮಾಡೋಳಲ್ಲಪ್ಪ. ಮೆಟ್ಟಿಲು ಬಿಡು ಅಂದ್ರು, ಬಿಟ್ಟೆ. ಇಲ್ಲಿಂದಲೂ ಹೋಗ್ತೀನಿ. ಆದರೆ ಈ ಮೇಡಂ ಗೀಡಂ ಬೇಡ, ಅದು ಯಾರಿಗೆ ಹೇಳಿದ್ದೋ ನನಗೆ ಗೊತ್ತಾಗಲ್ಲ. ನಿಮ್ಮ ಮನೇಲಿ ನನ್ನಂಥೋಳನ್ನ ಏನಂತ ಕರೀತೀಯೋ ಹಾಗೆ ಕರೆದು, ಎದ್ದು ಹೋಗು ಅನ್ನು. ಎದ್ದು ಹೋಗ್ತೀನಿ.”

ಹುಡುಗ ಬೋರ್ಡಿನ ಕಡೆ ನೋಡಲಿಲ್ಲ. ಭಾವನ ಕಡೆ ನೋಡಿದ. ಭಾವನ ಹತ್ತಿರ ಡಿಕ್ಷನರಿ ಇರಲಿಲ್ಲ.

“ಅಜ್ಜಿ...” ಅಂದ. ಅಲ್ಲಿಗೇ ನಿಂತ. ಮತ್ತೆ, “ಅಜ್ಜೀ...” ಅಂದ.

“ಹೇಳು ಮಗಾ” ಅಂದರು ದೊಡ್ಡಮ್ಮ.

ಅವನು ಸೈಕಲ್ಲಿನ ಚಕ್ರವನ್ನು ನೋಡಿದ, ಅದರ ಪಕ್ಕಕ್ಕೆ ಚಾಚಿದ್ದ ಅವರ ಊದಿದ ಕಾಲನ್ನು ನೋಡಿದ.

“ಅಜ್ಜಿ, ಕಾಲು ಈ ಕಡೆ ಇಟ್ಕೊಳ್ಳಿ. ಅದು ತಿರುಗುತ್ತೆ, ತಗುಲ್ಬಿಡುತ್ತೆ” ಅಂದ.

ದೊಡ್ಡಮ್ಮ ಕಾಲು ಈ ಕಡೆ ಇಟ್ಟುಕೊಂಡರು.